ಪಕ್ಕದ ಸೀಟಿನವಳು

ನಾಟಕವಂತೆ, ನಾಟಕ! ನನ್ನ ಮಗನ ಬಾಯಲ್ಲಿ ಈ ಮಾತು ಬಂದಾಗಲೆಲ್ಲ ನನಗೆ ಮೈಯೆಲ್ಲ ಉರಿದುಹೋಗುತ್ತೆ. ಎದೆ ಡವಡವ ಹೊಡ್ಕೊಂಡು, ಬೆರಳೆಲ್ಲ ಜೋಮು ಹಿಡಿದು, ಬೆವರಲ್ಲಿ ತೊಯ್ದು, ಅಡುಗೆಮನೆ ನೆಲದ ಮೇಲೆ ಕುಸಿದು "ಅತ್ತೆ, ನಾನು ಸಾಯ್ತಿದೀನಿ" ಅನ್ನೋಳು ನಾಟಕ ಆಡ್ತಾಳಾ?

ನನ್ನ ಸೊಸೆ ಡ್ರೈವಿಂಗ್ ಸ್ಕೂಲಲ್ಲಿ ಕಾರು ಕಲಿಸ್ತಾಳೆ. ಕಲಿಯೋರ ಪಕ್ಕದ ಸೀಟಲ್ಲಿ ಕೂರೋದು, ಅವಳ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಅವಳು ಕುಸಿದ ದಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಡಾಕ್ಟರಮ್ಮ, "ಹೃದಯಕ್ಕೆ ಏನೂ ಆಗಿಲ್ಲ. ಇದು ಪ್ಯಾನಿಕ್ ಅಟ್ಯಾಕ್" ಅಂದ್ರು. ನನ್ನ ಮಗರಾಯ "ಏನೂ ಆಗಿಲ್ಲ" ಅನ್ನೋದಷ್ಟನ್ನೇ ಕಿವಿಗೆ ಹಾಕ್ಕೊಂಡ. ಮಿಕ್ಕಿದ್ದನ್ನ ನಾನು ಕೇಳಿಸ್ಕೊಂಡೆ. ಅದು ಬಂದಾಗ ಜಗಳಕ್ಕೆ ನಿಲ್ಲಬಾರದು, ತಾನಾಗೇ ಇಳಿಯುತ್ತೆ ಅಂತ ಹೇಳ್ಕೋಬೇಕು. ಪಾದ ನೆಲಕ್ಕೆ ಊರಬೇಕು. ಉಸಿರು ತಗೊಳ್ಳೋದಕ್ಕಿಂತ ಬಿಡೋದು ನಿಧಾನ ಇರಬೇಕು.

ಮಗ ಸುಮ್ಮನಿದ್ನಾ? ಹೋಗಿ ಸ್ಕೂಲ್ ಓನರ್ ಹತ್ರ ಊದಿಬಂದ. ಹೆಂಡತಿ ಮನೇಲಿರಲಿ ಅಂತ ಇವನ ಹಂಚಿಕೆ. ಅವತ್ತು ಅವನ ಜನ್ಮ ಜಾಲಾಡಿಬಿಟ್ಟೆ. ಅದೇ ಸಿಟ್ಟಲ್ಲಿ ಹೋಗಿ, ಈ ವಯಸ್ಸಲ್ಲಿ, ಸೊಸೆ ಕೈಕೆಳಗೇ ಕಾರು ಕಲಿಯೋಕೆ ಸೇರಿಕೊಂಡೆ.

ಉಸಿರಿನ ಪಾಠ ಮಾತ್ರ ಅವಳಿಗೆ ಹತ್ತಲೇ ಇಲ್ಲ. ಗಾಬರೀಲಿ ಎಳ್ಕೊಂಡೂ ಎಳ್ಕೊಂಡೂ ಜೋಮು ಇನ್ನೂ ಹೆಚ್ಚಾಗೋದು. ಕೊನೆಗೆ ಗದರಿಸಿದೆ: "ಕ್ಲಚ್ ಮೆಲ್ಲಗೆ ಬಿಡಿ, ಮೆಲ್ಲಗೆ ಬಿಡಿ ಅಂತ ನನ್ನ ತಲೆ ತಿಂತೀಯಲ್ಲ, ಹಾಗೇ ಬಿಡೇ ಉಸಿರನ್ನ!" ಅಳ್ತಾ ಇದ್ದೋಳು ನಕ್ಕುಬಿಟ್ಟಳು. ಅವತ್ತಿಂದ ಅದೇ ಅಭ್ಯಾಸ ಮಾಡಿದಳು.

ಆಮೇಲೊಂದು ದಿನ ನನ್ನ ಪಾಠದ ಹೊತ್ತಿಗೆ ಓನರ್ ಬಂದು ನಮ್ಮ ಕಾರಿನ ಹಿಂದಿನ ಸೀಟಲ್ಲಿ ಕೂತ. "ಗಾಡೀಲಿ ಒಂದ್ಸಲ ಹಾಗಾದ್ರೂ ನಾಳೆಯಿಂದ ಬರಬೇಡಮ್ಮ" ಅಂತ ಮೊದಲೇ ಹೇಳಿಬಿಟ್ಟ. ಹೀಗಂದ್ರೆ ಬರದೇ ಇರೋದೂ ಬರುತ್ತಲ್ರೀ!

ಬಂತು. ದೊಡ್ಡ ರಸ್ತೇಲಿ ಅವಳ ಮುಖ ಬಿಳಿಚಿಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು.

"ಪಕ್ಕಕ್ಕೆ ಹಾಕಿ ಅತ್ತೆ," ಅಂದಳು. ತನ್ನ ಬ್ರೇಕನ್ನೂ ಒತ್ತಿದಳು. ಗಾಡಿ ನಿಂತಿತು. "ನ್ಯೂಟ್ರಲ್." ಹಾಕಿದೆ. ಆಮೇಲೆ ಅವಳು ತನ್ನ ಕಾಲ ಕೆಳಗಿನ ಕ್ಲಚ್ ತುಳಿದು, ಕಾಲನ್ನ ಮೆಲ್ಲಗೆ ಮೇಲೆತ್ತುತ್ತಾ ಉಸಿರು ಬಿಟ್ಟಳು. ಮತ್ತೆ ತುಳಿದಳು, ಮತ್ತೆ ಬಿಟ್ಟಳು.

ಹಿಂದೆ ಓನರ್ ಬೊಬ್ಬೆ ಹೊಡೆಯೋಕೆ ಶುರು ಮಾಡಿದ. "ಅಯ್ಯೋ, ಏನಾಯ್ತು! ಸತ್ತುಗಿತ್ತು ಹೋದ್ರೆ ಏನ್ ಗತಿ! ನಾನು ಇಳೀತೀನಿ!" ಅಂತ ರಸ್ತೆ ಕಡೆ ಬಾಗಿಲಿಗೇ ಕೈ ಹಾಕಿದ.

ಸೊಸೆ ಕನ್ನಡಿಯಿಂದ ಕಣ್ಣು ತೆಗೆದಿರಲಿಲ್ಲ. "ಬಾಗಿಲು ತೆಗೀಬೇಡಿ ಸರ್. ಲಾರಿ ಬರ್ತಿದೆ."

ಲಾರಿ ಬಾಗಿಲಿಗೆ ಸವರಿಕೊಂಡ ಹಾಗೆ ಹೋಯ್ತು. ಓನರ್ ಬಾಗಿಲಿಂದ ಕೈ ಕಿತ್ಕೊಂಡು ಸೀಟಿನ ಮಧ್ಯಕ್ಕೆ ಸರಿದ. ಇವಳು ಇನ್ನೊಂದಷ್ಟು ಹೊತ್ತು ಉಸಿರು ಬಿಟ್ಕೊಂಡು ಕೂತಿದ್ದು, "ಕನ್ನಡಿ ನೋಡ್ಕೊಳ್ಳಿ ಅತ್ತೆ. ಇಂಡಿಕೇಟರ್ ಹಾಕಿ, ಹೊರಡಿ," ಅಂದಳು. ಸ್ಕೂಲ್ ಮುಂದೆ ಇಳಿಯೋವಾಗ ಓನರ್, "ನಾಳೆ ಬೆಳಗಿನ ಬ್ಯಾಚ್ ನಿಂದೇ ಕಣಮ್ಮ," ಅಂದು ತಲೆ ತಗ್ಗಿಸಿಕೊಂಡು ಹೋದ.

ಸಂಜೆ ಮಗ ಬಾಗಿಲಲ್ಲೇ ಕೇಳಿದ: "ಬಂತಂತೆ? ಕೆಲಸ ಹೋಯ್ತಾ?"

"ಬಂತು. ಗಾಡಿ ನಿಲ್ಲಿಸಿದಳು, ಒಂದು ಜೀವ ಉಳಿಸಿದಳು, ಆಮೇಲೆ ಪಾಠ ಮುಗಿಸಿದಳು," ಅಂದೆ. "ಅವಳು ಈ ಅಡುಗೆಮನೆ ನೆಲದ ಮೇಲೆ ಒದ್ದಾಡುವಾಗ, ಒಂದೇ ಒಂದು ಸಲ ನೀನು ಪಕ್ಕದಲ್ಲಿ ಕೂತಿದೀಯೇನೋ?"