ಮಾಂಡಾ ಸುರಿದ ಚಿಪ್ಪು

ನಂಬದಿದ್ದರೆ ಬಿಡು, ನಡುವೆ ಬಾಯಿ ಹಾಕಬೇಡ. ಮಾಂಡಾ ಬಿಲಿಚ್ ಈ ದಡದಲ್ಲಿ ನಿಂತು ಕೂಗಿದರೆ ಕೊಲ್ಲಿಯ ಆಚೆ ದಡದ ಮೊಸಳೆಗಳು ನಿದ್ದೆಗೆಟ್ಟು ಎದ್ದು ಕೂರುತ್ತಿದ್ದವು. ಅಂಥವಳನ್ನು ಮೈಕು ಆರಿಸಿ ಸುಮ್ಮನಾಗಿಸಬಹುದೆಂದು ಸಭೆ ನಡೆಸಲು ಬಂದ ಸರ್ಕಾರಿ ಅಧಿಕಾರಿ ಎಣಿಸಿದ್ದೇ ತಪ್ಪು.

ಸಭೆ ನಡೆದದ್ದು ನಮ್ಮೂರ ಬೆಂಕಿ ಆರಿಸುವವರ ಶೆಡ್ಡಿನಲ್ಲಿ. ಮಿಸಿಸಿಪ್ಪಿ ನದಿಯ ಏರಿಗೆ ತೂಬು ಇಟ್ಟು, ಸಮುದ್ರದ ಪಾಲಾಗುತ್ತಿರುವ ಮೆಕ್ಕಲು ಮಣ್ಣನ್ನು ಕರಗುತ್ತಿರುವ ಜೌಗಿಗೆ ಹರಿಸುವ ಮಾತು. ಮಣ್ಣು ಬಂದರೆ ನೆಲ ಬೆಳೆಯುತ್ತದೆ, ಸರಿ. ಆದರೆ ಜೊತೆಗೆ ಸಿಹಿನೀರೂ ಬರುತ್ತದಲ್ಲ, ಉಪ್ಪುನೀರಲ್ಲಿ ಬೆಳೆಯುವ ಮಾಂಡಾಳ ಸಿಂಪಿಗಳಿಗೆ ಅದು ವಿಷ. ಗಂಡ ಹೋದ ಮೇಲೆ ಒಬ್ಬಳೇ ದೋಣಿ ನಡೆಸಿ ಉಳಿಸಿಕೊಂಡ, ಕೊಲ್ಲಿಯ ತಳದ ಸಿಂಪಿ ಪಾತಿ ಅದು.

"ಸಮುದ್ರದ ಹತ್ರ ಬೇರೆ ಪಾತಿ ಕೊಡ್ತೀವಮ್ಮ," ಅಂದ ಅಧಿಕಾರಿ.

"ಅಲ್ಲಿ ಉಪ್ಪು ಜಾಸ್ತಿ. ಅಂಥ ಕಡೆ ಹೆಚ್ಚೋ ಬಸವನಹುಳು ಸಿಂಪಿ ಚಿಪ್ಪು ಕೊರೆದು ತಿಂದ್ಹಾಕುತ್ತೆ. ನಿಮ್ಮನೆ ಕೋಳೀನ ನರಿ ಗುಹೇಲಿ ಸಾಕ್ತೀರಾ?"

ಆಗ ಎದ್ದವನು ಅವಳ ಮೈದುನ ಯೆರ್ಕೊ. "ಅತ್ತಿಗೆ, ಅಣ್ಣನ ಗೋರಿಗೆ ಹೋಗೋಕೂ ಈಗ ದೋಣಿ ಬೇಕು. ಇನ್ನೊಂದು ಬಿರುಗಾಳಿ ಬಂದ್ರೆ ಗೋರೀನೇ ಇರಲ್ಲ. ತೂಬು ಕಟ್ಲಿ."

"ನಿಮ್ಮಣ್ಣ ಬದುಕಿದ್ದಾಗ್ಲೂ ನೆಲದ ಮೇಲೆ ನಿಂತೋನಲ್ಲ. ಅವನ ಹೆಸರು ಹೇಳಿ ನನ್ನ ಪಾತಿ ಕೊಲ್ಬೇಡ."

ಮೈಕು ಆರಿತು, ಮಾಂಡಾ ಆರಲಿಲ್ಲ. ಅವಳ ಕೂಗಿಗೆ ಕಿಟಕಿಯ ಗಾಜು ಉದುರಿತು. ಆದರೂ ತೂಬಿಗೆ ಒಪ್ಪಿಗೆ ಸಿಕ್ಕಿತು.

ಬೇಸಿಗೆ ಶುರುವಿಗೆ ಹಳೆಯ ಚಿಪ್ಪುಗಳನ್ನು ಪಾತಿಗೆ ಸುರಿಯುವುದು ನಮ್ಮವರ ಪದ್ಧತಿ. ಸಿಂಪಿಯ ಮರಿಗಳು ಅದಕ್ಕೇ ಅಂಟಿಕೊಂಡು ಬೆಳೆಯಬೇಕು, ಕೈಗೆ ಬರಲು ಎರಡು ಮೂರು ವರ್ಷ. ಸಿಹಿನೀರಿಗೆ ಸಾಯಲಿರುವ ಪಾತಿಗೆ ಯಾಕೆಂದು ಆ ವರ್ಷ ಯಾರೂ ಸುರಿಯಲಿಲ್ಲ. ಮಾಂಡಾ ಮಾತ್ರ ದೋಣಿಯ ತುಂಬ ಚಿಪ್ಪು ಹೇರಿಕೊಂಡು ಹೊರಟಳು.

"ತಲೆ ಕೆಟ್ಟಿದ್ಯಾ ಅತ್ತಿಗೆ?" ಯೆರ್ಕೊ ದಡದಿಂದ ಕೇಳಿದ. "ಇವು ಬೆಳೆಯೋ ಹೊತ್ತಿಗೆ ನದಿ ಬಂದಿರುತ್ತೆ."

"ಬರಲಿ. ಖಾಲಿ ಪಾತಿ ಮೇಲೆ ಬಂದ್ರೆ, ಅಲ್ಲೇನೂ ಇರ್ಲಿಲ್ಲ ಅಂತಾರೆ. ತುಂಬಿದ್ದರ ಮೇಲೇ ಬರಲಿ. ಏನನ್ನ ಕೊಂದ್ರು ಅಂತ ಅವ್ರ ಕಣ್ಣಿಗೂ ಕಾಣ್ಲಿ."

ಯೆರ್ಕೊ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ದೋಣಿಗೆ ಹತ್ತಿದ.

"ತೂಬು ಬೇಕು ಅನ್ನೋ ಮಾತು ನಾನು ಬಿಟ್ಟಿಲ್ಲ."

"ಯಾರು ಬಿಡು ಅಂದ್ರು? ಸಲಿಕೆ ಹಿಡಿ."

ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಹೋಗಿ ಇಬ್ಬರೂ ಪಾತಿಗೆ ಚಿಪ್ಪು ಸುರಿದರು. ಎಷ್ಟು ಸುರಿದರೆಂದರೆ ಕೊಲ್ಲಿಯ ನೀರು ಒಂದು ಗೇಣು ಮೇಲೆ ಬಂತು. ನಗಬೇಡ. ಗೇಣಲ್ಲದಿದ್ದರೆ ಅರ್ಧ ಗೇಣು ಅಂದುಕೋ, ಅದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ, ಯಾಕೆಂದರೆ ಆ ದಿನ...

"ಮಾವ, ಗಂಬೊ ಸಾರು ಆರ್ತಿದೆ. ಬರ್ತೀರೋ, ನಾಯಿಗೆ ಹಾಕ್ಲೋ?"

ನೋಡು, ಸೊಸೆ ಕೂಗುತ್ತಿದ್ದಾಳೆ. ಬಂದೆ ಕಣಮ್ಮ.