ಜ್ವರಕ್ಕೆ ತಂದ ಬ್ರೆಡ್ಡಿನ ರೊಟ್ಟಿ

"ಬ್ರೆಡ್ಡು ಒಣಗಿತು ಅಂತ ಎಸೆಯೋರಿಗೆ ಅದರ ಗುಣ ಗೊತ್ತಿಲ್ಲ ಮಾರಾಯ್ತಿ. ಹೊಸ ಬ್ರೆಡ್ಡು ನೀರು ಕಂಡ ಕೂಡ್ಲೇ ಗಂಜಿ ಆಗುತ್ತೆ. ಒಣಗಿದ್ದು ಹಾಗಲ್ಲ, ಮಜ್ಜಿಗೆ ಕುಡಿದು ಗಟ್ಟಿಯಾಗಿ ನಿಲ್ಲುತ್ತೆ. ಬೂಷ್ಟು ಬಂದಿರಬಾರದು ಅಷ್ಟೆ, ಬಂದಿದ್ರೆ ಪೂರಾ ಪ್ಯಾಕೇ ಹೊರಗೆ. ನಮ್ಮ ಬೇಕರಿಯೋರು ಸಕ್ಕರೆ ಸುರಿದಿರ್ತಾರಲ್ಲ, ಅದಕ್ಕೆ ಹುಳಿ ಮಜ್ಜಿಗೇನೇ ಬೇಕು, ಹಸಿಮೆಣಸಿನಕಾಯಿ ಒಂದು ಜಾಸ್ತೀನೇ ಬೇಕು. ಮಧ್ಯಾಹ್ನದ ಅನ್ನ ಒಂದು ಹಿಡಿ ಹಿಸುಕು, ಉಳಿದ ಪಲ್ಯ ಸೇರಿಸು, ಮುದ್ದೆ ಕಟ್ಟೋ ಅಷ್ಟು ಅಕ್ಕಿ ಹಿಟ್ಟು. ಉಪ್ಪು ಮಾತ್ರ ಕೈ ಬಿಗಿಹಿಡಿದು ಹಾಕು, ಪಲ್ಯದಲ್ಲೂ ಇದೆ, ಬ್ರೆಡ್ಡಲ್ಲೂ ಇದೆ. ಕಾವಲಿ ಮೇಲೆ ತಟ್ಟು, ಸುತ್ತ ಎಣ್ಣೆ ಬಿಡು. ಆಮೇಲೆ ಮಗುಚಿ ಮಗುಚಿ ಅದರ ಗೋಳು ಹೊಯ್ಕೋಬೇಡ. ಬೆಂದ ಮೇಲೆ ತಾನೇ ಬಿಟ್ಟುಕೊಂಡು ಬರುತ್ತೆ."

ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾಂಪೌಂಡ್ ಗೋಡೆಯ ಈಚೆ ನಿಂತು ಜಯಶೀಲಾ ಪಕ್ಕದ ಮನೆಯ ಪುಷ್ಪಮ್ಮನಿಗೆ ಹೀಗೆ ಹೇಳಿ ಒಳಗೆ ಹೋದಳು. ಅಡುಗೆಯ ಮಾತು ಬಂದರೆ ಅವಳಿಗೆ ಅಳುಕೆಂಬುದೇ ಇರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗ ಮಾವ, ಮೈದುನ, ಗಂಡ ಮೂವರೂ ಕಾರ್ಖಾನೆಯವರು. ಒಬ್ಬರದು ಒಂದೊಂದು ಪಾಳಿ. ಒಬ್ಬರು ಉಂಡೇಳುವ ಹೊತ್ತಿಗೆ ಇನ್ನೊಬ್ಬರು ಕೈ ತೊಳೆಯಲು ಬರುವರು. ಒಲೆ ಆರುತ್ತಲೇ ಇರಲಿಲ್ಲ, ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿಯದೆಯೂ ಇರುತ್ತಿರಲಿಲ್ಲ. ಆ ಉಳಿದದ್ದರಿಂದಲೇ ಅವಳ ಕೈ ಪಳಗಿತು.

ಈಗ ಅವಳಿಗೆ ಇದ್ದ ಆಸೆ ಒಂದೇ. ಬರುವ ತಿಂಗಳು ಮಗಳು ಶಾಂಭವಿಯ ನಿಶ್ಚಿತಾರ್ಥ ಮನೆಯಲ್ಲೇ ನಡೆಯಲಿಕ್ಕಿತ್ತು. ಅದರ ಅಡುಗೆ ತಾನೇ ಮಾಡಬೇಕು. ಹುಡುಗನ ತಾಯಿ, ಶಿವಮೊಗ್ಗದ ಮಹಾಂತಮ್ಮ ಮಾತ್ರ ಒಪ್ಪಿರಲಿಲ್ಲ. "ನಮ್ಮ ಕಡೆಯ ಕಾಂಟ್ರಾಕ್ಟ್‌ನೋನು ಇದಾನೆ, ಅವನೇ ಬರ್ತಾನೆ," ಎಂದಿದ್ದಳು. ಮಾತು ಅಲ್ಲಿಗೇ ನಿಂತಿತ್ತು.

ಆ ಸಂಜೆ ಜಯಶೀಲಾ ಮೊದಲ ರೊಟ್ಟಿಗಳನ್ನು ಕಾವಲಿಯಿಂದ ಇಳಿಸುತ್ತಿದ್ದಂತೆ ಬಾಗಿಲಲ್ಲಿ ಕಾರು ನಿಂತಿತು. ಮಹಾಂತಮ್ಮ ಮತ್ತು ಅವಳ ಗಂಡ ಜಂಬಣ್ಣ. ಸೋಗಾನೆಯ ವಿಮಾನ ನಿಲ್ದಾಣದಲ್ಲಿ ತಮ್ಮ ಮಗಳನ್ನು ವಿಮಾನ ಹತ್ತಿಸಿ, ಹಾಗೇ ಬೀಗರನ್ನು ನೋಡಿ ಹೋಗೋಣವೆಂದು ಬಂದಿದ್ದರು.

"ಏನಮ್ಮಾ ಇದು ಘಮ! ಬೀದಿ ತಿರುವಿಗೇ ಬಂತು," ಎಂದ ಜಂಬಣ್ಣ.

"ಕೂತ್ಕೊಳಿ, ಬಿಸಿ ಉಪ್ಪಿಟ್ಟು ಮಾಡ್ತೀನಿ," ಎಂದು ಜಯಶೀಲಾ ಒಳಗೆ ಓಡಿ ರವೆ ಹುರಿದು ಇಳಿಸಿದಳು. ಮಹಾಂತಮ್ಮನ ಮನೆಯಲ್ಲಿ ತಂಗಳು ನೇರ ಹಸುವಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವನು ಅವಳ ಗಂಡ ವಿಶ್ವಾರಾಧ್ಯ. ಬೀಗರನ್ನು ಬರಿಗೈಲಿ ಕೂರಿಸಬಾರದೆಂದು ಅವನು ಅಡುಗೆಮನೆಗೆ ಬಂದು, ಹೆಂಡತಿ ಕರಿಬೇವು ಕೀಳಲು ಹಿತ್ತಿಲಿಗೆ ಹೋದ ಗಳಿಗೆಯಲ್ಲಿ ರೊಟ್ಟಿಯ ತಟ್ಟೆಗಳನ್ನು ಎತ್ತಿಕೊಂಡು ಹೋಗಿ ಮುಂದಿಟ್ಟುಬಿಟ್ಟ.

ಜಯಶೀಲಾ ಕರಿಬೇವು ಹಿಡಿದು ಬಂದಾಗ ಮಹಾಂತಮ್ಮನ ರೊಟ್ಟಿ ಅರ್ಧ ಮುಗಿದಿತ್ತು.

"ಚೆನ್ನಾಗಿದೆ ಕಣ್ರೀ. ಯಾವ ಹಿಟ್ಟಿಂದು?" ಎಂದಳು ಮಹಾಂತಮ್ಮ.

ಅಕ್ಕಿ ಹಿಟ್ಟಿನದು ಎಂದರೆ ಆಗುತ್ತಿತ್ತು, ಪೂರ್ತಿ ಸುಳ್ಳೂ ಅಲ್ಲ. ಆದರೆ ಇಂಥ ಮಾತಿನ ಮೇಲೆ ನಿಶ್ಚಿತಾರ್ಥದ ಒಲೆ ಕೇಳಿ ಪಡೆಯುವುದು ಜಯಶೀಲಾಗೆ ಬೇಡವಾಗಿತ್ತು.

"ಅಕ್ಕಾ, ಅದು ತಂಗಳು. ಇವರಿಗೆ ಜ್ವರ ಅಂತ ತಂದ ಬ್ರೆಡ್ಡು, ಮಧ್ಯಾಹ್ನದ ಅನ್ನ, ಎಲೆಕೋಸಿನ ಪಲ್ಯ. ನಿಮಗೆ ಅಂತ ಮಾಡಿದ್ದಲ್ಲ, ಇವರು ತಂದಿಟ್ಟಿದಾರೆ. ಬಿಟ್ಟುಬಿಡಿ, ಉಪ್ಪಿಟ್ಟು ಆಗ್ತಾ ಇದೆ."

ವಿಶ್ವಾರಾಧ್ಯ ಸೂರು ನೋಡಿದ. ಒಳಬಾಗಿಲಲ್ಲಿ ನಿಂತಿದ್ದ ಶಾಂಭವಿ ಸೆರಗಿನಂತೆ ದುಪಟ್ಟಾ ಬಾಯಿಗೆ ಒತ್ತಿಕೊಂಡಳು.

ಮಹಾಂತಮ್ಮ ತಟ್ಟೆ ನೋಡುತ್ತ ಕುಳಿತಳು. ತಂಗಳು ಮುಟ್ಟದವಳು, ನಿಜ. ಆದರೆ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದವೆಂದು ನಂಬಿದವಳು, ಅದನ್ನು ಬಿಟ್ಟು ಏಳುವುದು ಹುಟ್ಟಿದಾರಭ್ಯ ಗೊತ್ತಿಲ್ಲದವಳು. ಎರಡೂ ಅವಳದೇ ನೇಮ.

"ನಂದು ಮುಗೀತು. ಇನ್ನೊಂದಿದ್ರೆ ಹಾಕಮ್ಮ," ಎಂದ ಜಂಬಣ್ಣ.

"ನೀವು ಸುಮ್ನಿರಿ," ಎಂದಳು ಮಹಾಂತಮ್ಮ ಗಂಡನಿಗೆ.

ಆಮೇಲೆ ಅವಳು ಉಳಿದರ್ಧ ರೊಟ್ಟಿಯನ್ನು ಸಾವಕಾಶವಾಗಿ ತಿಂದಳು. ತಟ್ಟೆಗೆ ನೀರು ಹಾಕಿ, ಬೆರಳಿಂದ ಬಳಿದು ತೊಳೆದು, ಆ ನೀರನ್ನೂ ಕುಡಿದಳು.

"ನಮ್ಮ ಕಾಂಟ್ರಾಕ್ಟ್‌ನೋನು ಬಾಯಿ ಬಿಟ್ಟು ಕೇಳಿದ್ರೂ ಹೇಳೋನಲ್ಲ. ನೀವು ತಂಗಳು ಅನ್ನೋದನ್ನ ನಾನು ಕೇಳದೇನೇ ಹೇಳಿದ್ರಿ," ಎಂದಳು. "ನಿಶ್ಚಿತಾರ್ಥದ ಅಡುಗೆ ನೀವೇ ಮಾಡಿ. ಆದ್ರೆ ಅವತ್ತು ಎಲ್ಲಾ ಅವತ್ತಿಂದೇ ಆಗಬೇಕು. ಜ್ವರದ್ದು ಏನೂ ಬರಬಾರದು."

"ಬರಲ್ಲ ಅಕ್ಕಾ. ನೀವು ಮಾರನೇ ದಿನಾನೂ ಉಳ್ಕೊಳಿ. ಉಳಿದದ್ದರಲ್ಲಿ ಏನ್ ಮಾಡ್ತೀನಿ ನೋಡುವಿರಂತೆ."

"ಎಷ್ಟು ಜಂಬ ನೋಡ್ರಿ ನಮ್ಮ ಬೀಗಿತ್ತಿಗೆ!" ಎಂದು ಮಹಾಂತಮ್ಮ ನಕ್ಕಳು. ಉಪ್ಪಿಟ್ಟು ಬೇಡವೆಂದಳು. ಜಂಬಣ್ಣನ ಎರಡನೆಯ ರೊಟ್ಟಿಯನ್ನು ತಡೆಯಲಿಲ್ಲ.

ಕಾರು ಹೋದ ಮೇಲೆ ಜಯಶೀಲಾ ಹುರಿದ ರವೆ ಆರಿದ್ದನ್ನು ನೋಡಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಮುಸುರೆಯನ್ನೆಲ್ಲ ಹಿತ್ತಿಲ ನಲ್ಲಿಯ ಕೆಳಗೆ ಹರಡಿ, ಮಣೆ ಎಳೆದುಕೊಂಡು ಕೂತು, ತೆಂಗಿನ ನಾರಿನಿಂದ ಕಾವಲಿ ತಿಕ್ಕತೊಡಗಿದಳು.