‘ಗಟ್ಟಿ ಮಂದಿ’ಯ ಜೊತೆ ಮೂರು ದಿನ

ಶನಿವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಹಾವೇರಿ ಬಸ್ ಹತ್ತಿದಾಗ ನನ್ನ ಚೀಲದಲ್ಲಿ ಮೂರು ದಿನದ ಬಟ್ಟೆ, ಪಾಠದ ಸಾಮಾನು ಮತ್ತು ಗಳಗನಾಥಕ್ಕೆಂದೇ ಕೊಂಡ ಬಿಸಿಲಿನ ಟೋಪಿ ಇದ್ದವು. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಹಾವೇರಿಯ ವಿದ್ಯಾರ್ಥಿಗಳಿಗೆ ಶನಿವಾರ ಮತ್ತು ಸೋಮವಾರ ‘ರೋಗಿಯ ಜೊತೆ ಮಾತು’ ಎಂಬ ವಿಷಯದ ಮೇಲೆ ತರಗತಿ ತೆಗೆದುಕೊಳ್ಳಬೇಕೆಂದು ಕರೆ ಬಂದಿತ್ತು. ನಡುವೆ ಸಿಕ್ಕುವ ಭಾನುವಾರದ ಮೇಲೆಯೇ ನನ್ನ ಕಣ್ಣು. ವರದೆ ಬಂದು ತುಂಗಭದ್ರೆಯನ್ನು ಸೇರುವ ಕಡೆ, ಆ ಹಳೆಯ ಗುಡಿಯ ನೆರಳಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕೂರಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ.

ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆದರೆ ಆಧಾರ್ ತೋರಿಸಬೇಕು. ಕಂಡಕ್ಟರ್ ಕಾರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿ, “ಇದು ನೀವ ಏನ್ರಿ ಅಕ್ಕಾರ?” ಎಂದ. “ಆಗ ನಾನೇ ಆಗಿದ್ದೆ, ಈಗ ಹೇಗೋ ಗೊತ್ತಿಲ್ಲ” ಎಂದೆ. ನಕ್ಕು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಹರಿಹರ ದಾಟಿ, ರಾಣೆಬೆನ್ನೂರು ದಾಟಿ, ಹೆದ್ದಾರಿಯ ಲಾರಿಗಳ ಜೊತೆ ಪೈಪೋಟಿ ಮಾಡುತ್ತ ಬಸ್ಸು ಎರಡು ತಾಸಿಗೆ ಹಾವೇರಿ ಮುಟ್ಟಿಸಿತು. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ, ಬಿಸಿಲು ಮಾತ್ರ ಏಪ್ರಿಲ್‌ನದು.

ನಿಲ್ದಾಣದಲ್ಲಿ ರೇಣುಕಾ ಕಾಯುತ್ತಿದ್ದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ರಾಣೆಬೆನ್ನೂರಿನ ಒಂದು ದವಾಖಾನೆಯಲ್ಲಿ ನರ್ಸ್. ಹರಣಶಿಕಾರಿ ಸಮುದಾಯದ ಹುಡುಗಿ. ಬ್ರಿಟಿಷರು ಕಾನೂನು ಮಾಡಿ, ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿದ ಬುಡಕಟ್ಟುಗಳಲ್ಲಿ ಅದೂ ಒಂದು. ಆ ಕಾನೂನು ಹೋಗಿ ಎಷ್ಟೋ ಕಾಲವಾದರೂ ಪಟ್ಟಿ ಪೂರ್ತಿ ಕಿತ್ತು ಬಂದಿಲ್ಲ. ತರಗತಿಗೆ ನನ್ನ ಜೊತೆ ನಿಲ್ಲು ಎಂದು ಅವಳನ್ನು ನಾನೇ ಕರೆಸಿಕೊಂಡಿದ್ದೆ.

ಮಧ್ಯಾಹ್ನದ ತರಗತಿ ಚೆನ್ನಾಗಿಯೇ ಶುರುವಾಯಿತು. ನೋವಿರುವ ರೋಗಿಯನ್ನು ಮಾತಾಡಿಸುವುದು ಹೇಗೆಂದು ಕೇಳುತ್ತ ಹೋದೆ. ಮುಂದಿನ ಬೆಂಚಿನ ಪೂಜಾ ಎಂಬ ಚುರುಕು ಹುಡುಗಿ ಪ್ರತಿಯೊಂದಕ್ಕೂ ಕೈ ಎತ್ತುತ್ತಿದ್ದಳು. ಎಲ್ಲರಿಗೂ ನೋವು ಒಂದೇ ಥರವೇ ಎಂದು ಕೇಳಿದಾಗಲೂ ಎತ್ತಿದಳು.

“ಇಲ್ರಿ ಮೇಡಂ. ಶಿಕಾರಿ ಮಂದಿ, ತಾಂಡಾದ ಮಂದಿ ಭಾಳ ಗಟ್ಟಿ ಇರ್ತಾರ್ರಿ. ಅವರಿಗೆ ನೋವು ಅಷ್ಟ ಗೊತ್ತಾಗಂಗಿಲ್ಲ.”

“ಯಾರಮ್ಮ ಹೇಳಿದ್ದು?”

“ಎಲ್ಲಾರೂ ಅಂತಾರ್ರಿ. ವಾರ್ಡಿಗೆ ಹೋದಾಗ ಸೀನಿಯರ್‌ಗಳೂ ಹೇಳ್ಯಾರ.”

ನನ್ನ ಮೈಯೆಲ್ಲ ಉರಿಯಿತು. ಆದರೆ ಆ ಹುಡುಗಿಯ ಮುಖದಲ್ಲಿ ಎಳ್ಳಷ್ಟೂ ಕೆಟ್ಟತನ ಇರಲಿಲ್ಲ. ಅವಳ ಲೆಕ್ಕದಲ್ಲಿ ಅದು ಹೊಗಳಿಕೆ. ಏನು ಹೇಳಲಿ ಎಂದು ನಾನು ಮಾತು ಹುಡುಕುವುದರೊಳಗೆ ಗೋಡೆಗೆ ಒರಗಿ ನಿಂತಿದ್ದ ರೇಣುಕಾ ಬಾಯಿ ಬಿಟ್ಟಳು.

“ನಾನೂ ಶಿಕಾರಿನ. ನನಗ ನೋವು ಗೊತ್ತಾಗ್ತೈತಿ.”

ರೇಣುಕಾ ದನಿ ಏರಿಸದೆ ಅಕ್ಕನ ಕಥೆ ಹೇಳಿದಳು. ಅಕ್ಕ ಲಕ್ಷ್ಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಕೆಲವು ವರ್ಷದ ಹಿಂದೆ ಅವಳ ಕಾಲಿಗೆ ಕುರು ಆಗಿತ್ತು. ಒಂದು ಖಾಸಗಿ ದವಾಖಾನೆಗೆ ಹೋದಳು. ಜುಮ್ಮು ಹಿಡಿಸುವ ಇಂಜೆಕ್ಷನ್ ಕೊಡದೆಯೇ ಕುಯ್ದರು. ನೀವು ಗಟ್ಟಿ ಮಂದಿ, ಇಷ್ಟಕ್ಕೆಲ್ಲ ಯಾಕೆ ಇಂಜೆಕ್ಷನ್ ಎಂದರಂತೆ. ಅವಳು ಕೂಗಿಕೊಂಡಳು. ಒದರಬೇಡ ಎಂದು ಬೈದರು. ಅವಳು ಸೆರಗು ಕಚ್ಚಿಕೊಂಡು ಸುಮ್ಮನಾದಳು.

“ಸುಮ್ಮನಾದ ಕೂಡಲೆ ಏನಂದ್ರು ಗೊತ್ತೇನು? ‘ನೋಡ್ರಿ, ಹೆಂಗ ಗಟ್ಟಿ ಅದಾಳ’ ಅಂದ್ರು. ಅವತ್ತಿಂದ ನಮ್ಮಕ್ಕ ದವಾಖಾನಿ ಮೆಟ್ಲ ಹತ್ತಿಲ್ಲ.”

ಪೂಜಾ ತಲೆ ತಗ್ಗಿಸಿ ಕೂತಳು. ಆ ದಿನ ಮತ್ತೆ ಕೈ ಎತ್ತಲಿಲ್ಲ.

ಸಂಜೆ ಕೋರ್ಟಿನ ಹತ್ತಿರದ ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮೂರನೆಯ ರೊಟ್ಟಿಗೆ ನಾನು ಬೇಡವೆಂದು ಕೈ ಅಡ್ಡ ಹಿಡಿದರೂ, “ಅಷ್ಟಕ್ಕ ಸಾಕೇನ್ರಿ?” ಎಂದು ಬಡಿಸುವಾತ ಸಂದಿಯಲ್ಲಿ ತೂರಿಸಿಯೇ ಬಿಟ್ಟ. ಅಷ್ಟರಲ್ಲಿ ರೇಣುಕಾಳಿಗೆ ಫೋನು ಬಂತು. ಅವಳ ಮುಖ ಸಣ್ಣದಾಯಿತು. ಲಕ್ಷ್ಮವ್ವನ ಗಂಡ ಮಾಡಿದ್ದ ಫೋನು. ನಾಲ್ಕು ದಿನದ ಹಿಂದೆ ಅವಳ ಬಲಗೈ ಅಂಗೈಗೆ ಏನೋ ಚುಚ್ಚಿತ್ತಂತೆ. ಈಗ ಕೈ ಬಾತಿದೆ, ಮೈ ಸುಡುತ್ತಿದೆ, ದವಾಖಾನೆ ಅಂದರೆ ಮುಖ ತಿರುಗಿಸುತ್ತಿದ್ದಾಳೆ.

ಅಂಗೈಯ ಕೀವು ಒಳಗೇ ಹರಡಿದರೆ ಬೆರಳುಗಳ ಗತಿ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ತೊಟ್ಟು ಬಿಡಿಸುವವಳಿಗೆ ಬೆರಳು ಮಡಚದಿದ್ದರೆ ಕೆಲಸವೂ ಇಲ್ಲ. ರೇಣುಕಾ ತಟ್ಟೆ ದೂರ ಸರಿಸಿದಳು. ನಾನು ಟೋಪಿಯನ್ನು ಚೀಲದ ತಳಕ್ಕೆ ತುರುಕಿದೆ. ಗಳಗನಾಥ ಎಲ್ಲಿಗೂ ಓಡಿಹೋಗುವುದಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಬ್ಯಾಡಗಿಗೆ ಹೊರಟೆವು. ಊರು ಬರುವ ಮೊದಲೇ ಊರಿನ ವಾಸನೆ ಬಂತು. ಬಸ್ಸಿನಲ್ಲಿ ನಾನೊಬ್ಬಳೇ ಸೀನಿದೆ, ಉಳಿದವರೆಲ್ಲ ನನ್ನನ್ನು ನೋಡಿ ನಕ್ಕರು. ಇಳಿದರೆ ಎಲ್ಲಿ ನೋಡಿದಲ್ಲಿ ಕೆಂಪು. ಅಂಗಳದಲ್ಲಿ ಒಣಗಲು ಹರಡಿದ ಮೆಣಸಿನಕಾಯಿ, ಚೀಲದಲ್ಲಿ ಮೆಣಸಿನಕಾಯಿ, ಲಾರಿಯಿಂದ ಉದುರಿ ದಾರಿಯಲ್ಲೂ ಮೆಣಸಿನಕಾಯಿ. ಮೂಗಿಗೆ ಸೆರಗು ಸುತ್ತಿಕೊಂಡ ಹೆಂಗಸರು ಆಗಲೇ ಕೆಲಸಕ್ಕೆ ಹೊರಟಿದ್ದರು. ನಾಲ್ಕು ಹೆಜ್ಜೆಗೊಂದು ಸೀನು ಸೀನುತ್ತ ನಾನು ರೇಣುಕಾಳ ಹಿಂದೆ ನಡೆದೆ.

ಊರ ಅಂಚಿನ ಕಾಲೋನಿಯಲ್ಲಿ ಲಕ್ಷ್ಮವ್ವ ಬಾಗಿಲ ಹತ್ತಿರ ಕೂತಿದ್ದಳು. ಬಲಗೈ ಮಡಿಲಲ್ಲಿತ್ತು, ಅದರ ಮೇಲೆ ಅರಿಶಿನದ ಬಟ್ಟೆ. ನಮ್ಮನ್ನು ನೋಡಿದವಳೇ ಎಡಗೈಯಿಂದ ಚಾಪೆ ಎಳೆದು, “ಬರ್ರಿ ಅಕ್ಕಾರ, ಕುಂದ್ರಿ, ಚಾ ಕುಡೀರಿ” ಎಂದಳು. ಬಟ್ಟೆ ಬಿಚ್ಚಿ ನೋಡಿದೆ. ಅಂಗೈ ಉಬ್ಬಿ ಹೊಳೆಯುತ್ತಿತ್ತು, ಕೆಂಪು ಮಣಿಕಟ್ಟಿನ ತನಕ ಏರಿತ್ತು.

“ನೋಯ್ತಿದೆಯಾ?” ಎಂದೆ.

“ಇಲ್ರಿ, ಏನಿಲ್ಲ” ಎಂದಳು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಇವತ್ತೇ ಕೀವು ತೆಗೆಸದಿದ್ದರೆ ಏನಾಗುತ್ತದೆಂದು ನಾನು ತರಗತಿಯಲ್ಲಿ ಹೇಳುವ ಹಾಗೆ ವಿವರವಾಗಿ ಹೇಳಿದೆ. ಅವಳು ಮರ್ಯಾದೆಯಿಂದ ಎಲ್ಲ ಕೇಳಿ, “ತಾನ ಒಡೀತೈತಿ ಬಿಡ್ರಿ” ಎಂದಳು. ರೇಣುಕಾ ಬೈದಳು, ಅತ್ತಳು. ಗಂಡ ಕೈ ಮುಗಿದ. ಲಕ್ಷ್ಮವ್ವ ಜಗ್ಗಲಿಲ್ಲ. ಚಹಾ ಆರುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು, ಆ ಭಯದಲ್ಲಿ ಬಾಯಿಂದ ಸತ್ಯ ಹೊರಬಿತ್ತು.

“ನೋಡಮ್ಮ, ನಾನು ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚೋದು ಕಲಿಸ್ತೀನಿ. ನನಗೆ ಯಾರಾದರೂ ಸೂಜಿ ಚುಚ್ಚೋಕೆ ಬಂದರೆ ಕಣ್ಣು ಮುಚ್ಚಿ ದೇವರ ಹೆಸರೆಲ್ಲ ಹೇಳ್ತೀನಿ. ಕೊರೊನಾ ಲಸಿಕೆಗೆ ಹೋದಾಗ ಸಾಲಿನಿಂದ ಎರಡು ಸಲ ತಪ್ಪಿಸಿಕೊಂಡು ಬಂದಿದ್ದೆ.”

ಲಕ್ಷ್ಮವ್ವ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದಳು.

“ಖರೇನ? ನಿಮಗೂ ಅಂಜಿಕಿ ಐತೇನ್ರಿ?”

“ಭಾಳ ಐತಿ,” ಎಂದು ಅವಳದೇ ಭಾಷೆಯಲ್ಲಿ ಹೇಳಿದೆ.

ಅವಳು ನಕ್ಕಳು. ನಕ್ಕದ್ದಕ್ಕೆ ಕೈ ಅಲುಗಿತೇನೋ, ಮುಖ ಕಿವುಚಿತು. ತಂಗಿಯ ಕಡೆ ತಿರುಗಿ, “ಒಳಗ ನೀ ನನ್ನ ಬಾಜೂಕ ಇರ್ತೀಯೇನು?” ಎಂದಳು.

“ಇರ್ತೇನಿ. ನಿನಗ ನೋವಾದ್ರ ನಿಲ್ಲಸೂದು ನನ್ನ ಕೆಲಸ.”

ಅಷ್ಟು ಸಾಕಾಯಿತು. ಕಾಲೋನಿಯ ಮುಂದೆ ಆಟೋ ನಿಲ್ಲಿಸಿಕೊಂಡಿದ್ದ ದಾವಲಸಾಬರು ಕೈ ನೋಡಿದವರೇ ಏನೂ ಕೇಳದೆ ಗಾಡಿ ಚಾಲೂ ಮಾಡಿದರು. ಮೋಟೆಬೆನ್ನೂರು ಕ್ರಾಸಿನವರೆಗೆ ಒಂದೊಂದು ತಗ್ಗನ್ನೂ ತಪ್ಪಿಸುತ್ತ, ತಪ್ಪದ ತಗ್ಗಿಗೆ “ಅಕ್ಕಾ, ಕೈ ಎತ್ತಿ ಹಿಡೀರಿ” ಎಂದು ಮೊದಲೇ ಹೇಳುತ್ತ ನಡೆಸಿದರು. ಕ್ರಾಸಿನಲ್ಲಿ ರಾಣೆಬೆನ್ನೂರು ಬಸ್ಸಿಗೆ ಕೈ ಅಡ್ಡ ಹಾಕಿದವರೂ ಅವರೇ.

ರೇಣುಕಾಳ ದವಾಖಾನೆಯಲ್ಲಿ ಭಾನುವಾರವಾದರೂ ಸರ್ಜನ್ ಇದ್ದರು, ಇನ್ನೂ ಸಣ್ಣ ವಯಸ್ಸಿನವರು. ರೇಣುಕಾ ಅಕ್ಕನ ಎಡಗೈ ಹಿಡಿದು ನಿಂತಳು. ಸಿಬ್ಬಂದಿ ನನ್ನನ್ನೂ ಒಳಗೆ ಬಿಟ್ಟರು. ನಾನು ಸೂಜಿ ಕಾಣದ ಕಡೆ ನಿಂತೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಕಾದು, ಅಂಗೈ ಮುಟ್ಟಿ ಕೇಳಿದರು.

“ನೋವಿಲ್ಲಲ್ರೀ ಈಗ?”

“ಇಲ್ರಿ” ಎಂದಳು ಲಕ್ಷ್ಮವ್ವ, ತಕ್ಷಣ.

ನಾನು ಅವಳ ಕಾಲಿನ ಕಡೆ ನಿಂತಿದ್ದೆ. ಹತ್ತೂ ಬೆರಳು ಒಳಕ್ಕೆ ಮುದುಡಿಕೊಂಡಿದ್ದವು. ಡಾಕ್ಟರು ಬ್ಲೇಡ್ ಕೈಗೆತ್ತಿಕೊಂಡರು.

“ಸರ್, ನಿಲ್ರಿ,” ಎಂದಳು ರೇಣುಕಾ. ಅವಳ ದನಿ ನಡುಗುತ್ತಿತ್ತು. ಅವರ ಕೈಕೆಳಗೇ ಅವಳ ಕೆಲಸ. “ಹಂಗ ಕೇಳಬ್ಯಾಡ್ರಿ. ನೋವಿಲ್ಲಲ್ಲ ಅಂತ ಕೇಳಿದ್ರ, ಇಲ್ಲ ಅನ್ನೂ ಜವಾಬು ನಾವ ಕೈಯಾಗ ಕೊಟ್ಟಂಗಾತು. ಅಕಿ ಯಾವಾಗ್ಲೂ ಇಲ್ಲ ಅಂತಾಳ. ಹೌದು ಅಂದಾಗ ಬೈಸ್ಕೊಂಡಾಳ.”

ಡಾಕ್ಟರು ಅವಳನ್ನು ನೋಡಿದರು, ಮೇಜಿನ ಮೇಲಿದ್ದವಳನ್ನು ನೋಡಿದರು. ಬ್ಲೇಡನ್ನು ಟ್ರೇಯಲ್ಲಿಟ್ಟರು.

“ಹಂಗಾದ್ರ ಹೆಂಗ ಕೇಳ್ಲಿ?”

“ಎಲ್ಲಿ ನೋಯ್ತೈತಿ ಅಂತ ಕೇಳ್ರಿ.”

ಅವರು ಅಂಗೈಯ ಒಂದೊಂದೇ ಕಡೆ ಮೆಲ್ಲಗೆ ಮುಟ್ಟುತ್ತ, “ಇಲ್ಲಿ ಹೆಂಗೈತ್ರಿ? ಇಲ್ಲಿ?” ಎಂದು ಕೇಳಿದರು. ಲಕ್ಷ್ಮವ್ವ ತಂಗಿಯ ಮುಖ ನೋಡಿದಳು. ರೇಣುಕಾ ಬಗ್ಗಿ ಮನೆಮಾತಿನಲ್ಲಿ ಏನೋ ಅಂದಳು, ನನಗೆ ತಿಳಿಯಲಿಲ್ಲ. ಆಮೇಲೆ ಲಕ್ಷ್ಮವ್ವನ ತುಟಿ ಅಲುಗಿತು.

“ಅಲ್ಲಿ… ಹೆಬ್ಬಟ್ಟಿನ ಬುಡಕ. ಭಾಳ ನೋಯ್ತೈತ್ರಿ.”

“ಹೇಳಿದ್ದು ಚಲೋ ಆತು,” ಎಂದರು ಡಾಕ್ಟರು. ಕೀವು ತುಂಬಿದ ಕಡೆ ಜುಮ್ಮು ಹಿಡಿಸುವ ಔಷಧಿ ಸರಿಯಾಗಿ ಹತ್ತುವುದಿಲ್ಲ. ಮಣಿಕಟ್ಟಿನ ಹತ್ತಿರ ಇನ್ನೊಂದು ಇಂಜೆಕ್ಷನ್ ಕೊಟ್ಟು ಮತ್ತೆ ಕಾದರು, ಮತ್ತೆ ಮುಟ್ಟಿ ಕೇಳಿದರು. ಅಂಗೈ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂದು ಅವಳೇ ಹೇಳಿದ ಮೇಲೆ ಕುಯ್ದರು. ಕೀವಿನ ಜೊತೆ ಕಡ್ಡಿಯಂಥ ಒಂದು ಚೂರೂ ಹೊರಬಂತು, ಮೆಣಸಿನಕಾಯಿಯ ತೊಟ್ಟು. ಆಗ ಲಕ್ಷ್ಮವ್ವ ಅಳತೊಡಗಿದಳು, ಗೋಡೆಯಾಚೆಗೂ ಕೇಳುವ ಹಾಗೆ.

ಡಾಕ್ಟರು ಗಾಬರಿಯಾಗಿ ಕೈ ತೆಗೆದರು. “ನೋವಾತೇನ್ರಿ?”

“ಇಲ್ರಿ,” ಎಂದಳು ಬಿಕ್ಕುತ್ತ. “ಈಗ ಖರೇನ ನೋವಿಲ್ಲ. ಅದಕ್ಕ ಅಳು ಬಂತು.”

ಇಷ್ಟು ವರ್ಷ ದವಾಖಾನೆಗಳಲ್ಲಿ ಕಳೆದವಳು ನಾನು. ಆ ಕೋಣೆಯಲ್ಲಿ ನನ್ನ ಕಣ್ಣಲ್ಲೂ ನೀರು ನಿಲ್ಲಲಿಲ್ಲ. ಮೆಣಸಿನ ಘಾಟು ಎಂದು ಹೇಳಿಕೊಳ್ಳೋಣವೆಂದರೆ ಬ್ಯಾಡಗಿ ಹಿಂದೆಯೇ ಉಳಿದಿತ್ತು. ಹೊರಗೆ ಬಂದ ಡಾಕ್ಟರು, ಇನ್ನೊಂದು ದಿನ ತಡವಾಗಿದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ, ಈಗ ಭಯವಿಲ್ಲ ಎಂದರು. ನನ್ನ ಜೀವ ತಣ್ಣಗಾಯಿತು. ಎದುರಿನ ಅಂಗಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ರೇಣುಕಾಳೂ ನಾನೂ ಒಂದು ಪ್ಲೇಟ್ ಮಿರ್ಚಿ ಖಾಲಿ ಮಾಡಿ ಇನ್ನೊಂದು ಹೇಳಿದೆವು.

ಲಕ್ಷ್ಮವ್ವನನ್ನು ದವಾಖಾನೆಯಲ್ಲೇ ಉಳಿಸಿಕೊಂಡರು. ಆ ರಾತ್ರಿ ನಾನು ರೇಣುಕಾಳ ಮನೆಯಲ್ಲಿ ಉಳಿದೆ. ಸೋಮವಾರ ಬೆಳಿಗ್ಗೆ ಹಾವೇರಿಗೆ ಹೊರಡುವ ಮುನ್ನ ದವಾಖಾನೆಗೆ ಹೋಗಿ, ಇದನ್ನೆಲ್ಲ ಮಕ್ಕಳಿಗೆ ಹೇಳಲೇ ಎಂದು ಲಕ್ಷ್ಮವ್ವನನ್ನು ಕೇಳಿದೆ. ಜ್ವರ ಇಳಿದಿತ್ತು. ಎಡಗೈಯಿಂದ ಚಹಾದಲ್ಲಿ ಬ್ರೆಡ್ ಅದ್ದಿಕೊಂಡು ತಿನ್ನುತ್ತಿದ್ದಳು.

“ಹೇಳ್ರಿ. ಗಟ್ಟಿ ಹೆಣ್ಮಗಳು ಅಂತ ಮಾತ್ರ ಹೇಳಬ್ಯಾಡ್ರಿ.”

ಹಾವೇರಿಯ ತರಗತಿಯಲ್ಲಿ ಹಾಗೆಯೇ ಹೇಳಿದೆ. ಆಮೇಲೆ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರು ನರ್ಸು, ಒಬ್ಬರು ರೋಗಿ ಎಂದು ಮಾತಾಡಿಸಿದೆ. ಪೂಜಾ ಎದುರಿಗಿದ್ದವಳ ಕೈ ಹಿಡಿದು ಅಭ್ಯಾಸಬಲದಿಂದ, “ನೋವಿಲ್ಲಲ್ರೀ?” ಎಂದುಬಿಟ್ಟಳು. ತರಗತಿ ಗೊಳ್ಳೆಂದಿತು. ಅವಳು ನಾಲಿಗೆ ಕಚ್ಚಿಕೊಂಡು, “ಎಲ್ಲಿ ನೋಯ್ತೈತಿ, ತೋರಸ್ರಿ,” ಎಂದು ತಿದ್ದಿಕೊಂಡಳು. ಮುಗಿದ ಮೇಲೆ ನನ್ನ ಹತ್ತಿರ ಬಂದು, “ಮೇಡಂ, ವಾರ್ಡಿನ್ಯಾಗ ದೊಡ್ಡಾರು ಹಂಗ ಅಂದ್ರ ನಾವ್ ಏನ್ ಮಾಡೂದ್ರಿ?” ಎಂದಳು. ಸುಲಭದ ಪ್ರಶ್ನೆಯಲ್ಲ. ರೇಣುಕಾಳ ದನಿಯೂ ನಡುಗಿತ್ತು, ಆದರೂ ಹೇಳಿದಳು ಎಂದೆ.

ಸಂಜೆ ದಾವಣಗೆರೆಗೆ ನೇರ ಬಸ್ಸೇ ಸಿಕ್ಕಿತು. ಆದರೆ ಮನಸ್ಸು ತಡೆಯದೆ ರಾಣೆಬೆನ್ನೂರಲ್ಲಿ ಇಳಿದುಬಿಟ್ಟೆ. ದವಾಖಾನೆಯಲ್ಲಿ ಲಕ್ಷ್ಮವ್ವನ ಮಂಚ ಖಾಲಿ ಇತ್ತು. ಡ್ರೆಸ್ಸಿಂಗಿಗೆ ಒಯ್ದಿದ್ದಾರೆ ಎಂದು ಪಕ್ಕದ ಮಂಚದ ಅಜ್ಜಿ ಹೇಳಿದಳು. ಡ್ರೆಸ್ಸಿಂಗ್ ಕೋಣೆಯ ಪರದೆಯ ಹೊರಗೆ ನಿಂತೆ.

ಒಳಗಿನಿಂದ ಅವಳ ದನಿ ಬಂತು, ಬಜಾರಿನಲ್ಲಿ ಚೌಕಾಸಿ ಮಾಡುವವಳ ದನಿ. “ಏ ಸಿಸ್ಟರ್, ನಿಲ್ರಿ, ನಿಲ್ರಿ. ನೋಯ್ತೈತಿ. ಪಟ್ಟಿ ಮೆಲ್ಲಗ ತಗೀರಿ.”

“ಆತ್ರಿ, ನಿಲ್ಸೇನಿ. ನೀವು ಹೂಂ ಅಂದಿಂದ ತಗೀತೇನಿ,” ಎಂದಿತು ನನಗೆ ಪರಿಚಯವಿಲ್ಲದ ಇನ್ನೊಂದು ದನಿ.

ಪರದೆಯ ಕೆಳಗೆ ನನ್ನ ಚಪ್ಪಲಿ ಕಂಡಿರಬೇಕು.

“ಯಾರದು ಹೊರಗ? ಅಕ್ಕಾರೇನು? ಒಳಗ ಬರ್ರಿ. ನಿಮಗೂ ಒಂದು ಸೂಜಿ ತಗದ ಇಟ್ಟಾರ.”

ನಾನು ಒಳಗೆ ಹೋಗಲಿಲ್ಲ. ಹೊರಗಿನಿಂದಲೇ, “ನನಗೆ ಬಸ್ಸಿದೆಯಮ್ಮ,” ಎಂದು ಕೂಗಿ ಹೇಳಿ ಹೊರಟೆ. ನನ್ನ ಬೆನ್ನ ಹಿಂದೆ ಅವಳು ಗಟ್ಟಿಯಾಗಿ ನಗುತ್ತಿದ್ದಳು.